ಚಿನ್ನದ ಗೋಡೆಗೆ ವಯಸ್ಸೆಷ್ಟು?

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಹೆಚ್ಚಿನವರು ಹಳೇ ಗೋವಾ ನೋಡಿರುತ್ತೀರಿ. ಬೊಮ್ ಜೀಸಸ್ ಬೆಸಿಲಿಕಾದೊಳಗೆ ಹೋಗಿ, ಸಂತ ಫ್ರಾನ್ಸಿಸ್ ಝೇವಿಯರ್ ಇರುವ ಪೆಟ್ಟಿಗೆಗೆ ಕೈಮುಗಿದು, ಹಾಗೇ ಹೊರಗೆ ಬಂದಿರುತ್ತೀರಿ. ಅಲ್ವಾ? ಮೊದಲ ಸಲ ನಾನು ಮಾಡಿದ್ದೂ ಅದನ್ನೇ. ಇವತ್ತು ಬಲಿಪೀಠದ ಹಿಂದಿರುವ, ಮರದಲ್ಲಿ ಕೆತ್ತಿ ಚಿನ್ನದ ಲೇಪ ಕೊಟ್ಟ ಗೋಡೆಯ ಬಗ್ಗೆ ಮಾತಾಡೋಣ.

ಕೆಳಗೆ ಪುಟ್ಟ ಬಾಲ ಯೇಸು. ಚರ್ಚು ಅವನ ಹೆಸರಿನದು. ಆದರೆ ಕಣ್ಣು ಹೋಗುವುದು ಅವನ ಮೇಲೆ ನಿಂತ ಭಾರಿ ಗಾತ್ರದ ಇಗ್ನೇಷಿಯಸ್ ಲೊಯೋಲರ ಕಡೆಗೆ. ಜೆಸ್ವಿಟ್ ಪಾದ್ರಿಗಳ ಸಂಘ ಕಟ್ಟಿದವರು ಇವರು. ಅವರು ನಮ್ಮನ್ನು ನೋಡುತ್ತಿಲ್ಲ. ತಲೆ ಎತ್ತಿ ಯೇಸುವಿನ ಹೆಸರಿನ ಅಕ್ಷರಗಳಿರುವ ಸೂರ್ಯನನ್ನು ನೋಡುತ್ತಿದ್ದಾರೆ. ಅದಕ್ಕೂ ಮೇಲೆ ತ್ರಿತ್ವ, ಅಂದರೆ ತಂದೆ, ಮಗ, ಪವಿತ್ರಾತ್ಮ. ಅಕ್ಕಪಕ್ಕದಲ್ಲಿ ಹಗ್ಗ ಹೊಸೆದ ಹಾಗೆ ತಿರುಚಿದ ಕಂಬಗಳು.

ಚರ್ಚಿನ ಕೆಲಸ ಶುರುವಾಗಿದ್ದು 1594ರಲ್ಲಿ, ಪ್ರತಿಷ್ಠೆ 1605ರಲ್ಲಿ. ಹಾಗಾದರೆ ಈ ಗೋಡೆಯೂ 1605ರದ್ದಾ? ಆಗಿರಲಾರದು. ಇಗ್ನೇಷಿಯಸ್‌ಗೆ ಸಂತ ಪದವಿ ಸಿಕ್ಕಿದ್ದೇ 1622ರಲ್ಲಿ. ಅದಕ್ಕೂ ಮೊದಲೇ ಬಲಿಪೀಠದ ಮೇಲೆ ಅವರನ್ನು ಇಷ್ಟು ದೊಡ್ಡದಾಗಿ ನಿಲ್ಲಿಸಿರಲಾರರು. ಇನ್ನು ಕಂಬ ನೋಡಿ. ರೋಮಿನ ಸೇಂಟ್ ಪೀಟರ್ಸ್ ಚರ್ಚಿನಲ್ಲಿ ಶಿಲ್ಪಿ ಬರ್ನಿನಿ 1624ರಿಂದ 1633ರವರೆಗೆ ತಿರುಚು ಕಂಬಗಳ ಕಂಚಿನ ಮಂಟಪ ಮಾಡಿದ. ತಿರುಚು ಕಂಬ ಅವನಿಗಿಂತ ಹಳೆಯದೇ, ಆದರೆ ಬಲಿಪೀಠಗಳಲ್ಲಿ ಅದರ ಹುಚ್ಚು ಹಿಡಿದದ್ದು ಆಮೇಲೆ. ಪೋರ್ಚುಗಲ್‌ನ ಮರಗೆತ್ತನೆಯಲ್ಲಿ ಅದು ಜೋರಾಗಿದ್ದು 17ನೇ ಶತಮಾನದ ಕೊನೆಗೆ. ಅಂದರೆ ಗೋಡೆಯ ವಯಸ್ಸು ಹೇಳುವುದು ಕಟ್ಟಡವಲ್ಲ, ಕಂಬ.

ಮಾಡಿದವರು ಯಾರು? ಬೇಲೂರಿನಲ್ಲಿ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಹೆಸರು ಕೆತ್ತಿ ಹೋದರು. ಇಲ್ಲಿ ಆ ಭಾಗ್ಯವಿಲ್ಲ. ನಕ್ಷೆ ಯುರೋಪಿನದು ಅಂದ ಮಾತ್ರಕ್ಕೆ ಉಳಿ ಹಿಡಿದ ಕೈಯೂ ಯುರೋಪಿನದೇ ಅನ್ನಬೇಕಿಲ್ಲ. ಗೋವಾದ ಎಷ್ಟೋ ಚರ್ಚುಗಳ ಪ್ರವಚನ ಪೀಠದ ಕೆಳಗೆ ನಾಗಿಣಿಯರು ಭಾರ ಹೊತ್ತಿದ್ದಾರೆ. ಅವರೇನು ಲಿಸ್ಬನ್‌ನಿಂದ ಹಡಗು ಹತ್ತಿ ಬಂದವರಾ? ಹಿಂದೂ ಕುಶಲಕರ್ಮಿಗಳಿಂದ ಕ್ರೈಸ್ತ ವಿಗ್ರಹ ಮಾಡಿಸಬಾರದು ಎಂದು 1567ರಲ್ಲೇ ಗೋವಾದ ಧರ್ಮಸಭೆ ಕಟ್ಟಪ್ಪಣೆ ಮಾಡಿತ್ತು. ಯಾರೂ ಮಾಡಿಸದೇ ಇದ್ದಿದ್ದರೆ ಸುಮ್ನೆ ಅಪ್ಪಣೆ ಯಾಕೆ ಬೇಕಿತ್ತು?

ಅದಕ್ಕೇ ಶೈಲಿ ನೋಡಿ ಒಂದು ಹೆಸರು ಹುಡುಕುವ ಆಟ ನನಗೆ ಅಷ್ಟು ಇಷ್ಟವಿಲ್ಲ. ಶೈಲಿಯಿಂದ ಕಾಲ ಸಿಗುತ್ತದೆ, ಕಲಿತ ದಾರಿ ಸಿಗುತ್ತದೆ. ವ್ಯಕ್ತಿ ಸಿಗುವುದು ಕಡಿಮೆ. ಹೆಸರು ಹೆಚ್ಚಾಗಿ ಉಳಿಯುವುದು ದುಡ್ಡು, ಕಾಗದಪತ್ರ ಇದ್ದ ಕಡೆ. ಅದೇ ಚರ್ಚಿನ ಬಲಗಡೆ ಝೇವಿಯರ್ ಸಮಾಧಿಗೆ ಬನ್ನಿ. ಕೆಳಗಿನ ಅಮೃತಶಿಲೆ ಪೀಠ ಫ್ಲಾರೆನ್ಸಿನ ಶಿಲ್ಪಿ ಫೊಗ್ಗಿನಿಯದು. ಸಂತನ ತಲೆಯಡಿ ಇದ್ದ ದಿಂಬು ತನಗೆ ಸಿಕ್ಕಿದ್ದಕ್ಕೆ ಅಲ್ಲಿನ ಮೂರನೇ ಕೊಸಿಮೊ ದೊರೆ ಕಳಿಸಿದ ಕಾಣಿಕೆ ಅದು. 1698ರಲ್ಲಿ ಜೋಡಿಸಿ ನಿಲ್ಲಿಸಿದರು. ಮೇಲಿನ ಬೆಳ್ಳಿ ಪೆಟ್ಟಿಗೆ ಅದಕ್ಕಿಂತ ಸುಮಾರು 60 ವರ್ಷ ಹಳೆಯದು. ಅದನ್ನು ಮಾಡಿದವರು ಯಾರು ಅಂತ ಗೈಡ್‌ನ ಕೇಳಿ. ‘ಗೋವಾದ ಅಕ್ಕಸಾಲಿಗಳು’ ಅನ್ನುತ್ತಾನೆ, ಅಷ್ಟೇ.