ಕೀಲಿನಲ್ಲಿ ಸೋರುವ ಬಿಸಿಲು

ಸ್ನೇಹಿತರೆ, ಸೋಲಾರ್ ಅಂದ ಕೂಡಲೇ ಬರುವ ಮೊದಲ ಪ್ರಶ್ನೆ, ‘ಪ್ಯಾನೆಲ್‌ನ ದಕ್ಷತೆ ಶೇಕಡಾ ಎಷ್ಟು?’ ಅಂದರೆ ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ಕರೆಂಟ್ ಆಗುತ್ತೆ ಅಂತ. ಆ ಪ್ರಶ್ನೆಯ ಜೊತೆ ಕಾಲು ಕೆರೆದು ಜಗಳಕ್ಕೆ ನಿಂತಿದ್ದೇನೆ ಇವತ್ತು.

400 ವ್ಯಾಟಿನ ಎರಡು ಪ್ಯಾನೆಲ್ ಇವೆ ಅನ್ನಿ. ಒಂದರ ದಕ್ಷತೆ ಶೇ 18, ಇನ್ನೊಂದರದು 22. ಯಾವುದು ಹೆಚ್ಚು ಕರೆಂಟ್ ಕೊಡುತ್ತೆ? ಎರಡೂ 400 ವ್ಯಾಟಿನವೇ. ಮೊದಲನೆಯದು 2.2 ಚದರ ಮೀಟರ್ ಜಾಗ ಹಿಡಿಯುತ್ತೆ, ಎರಡನೆಯದಕ್ಕೆ 1.8 ಸಾಕು. ದಕ್ಷತೆ ಅನ್ನೋದು ಜಾಗದ ಲೆಕ್ಕ. ತಾರಸಿ ಚಿಕ್ಕದಿದ್ದರೆ ಕೇಳಿ. ದೊಡ್ಡದಿದ್ದರೆ ಬೇರೆ ಏನಾದರೂ ಕೇಳಿ. ಏನು ಕೇಳಬೇಕು ಅಂದರೆ, ಕೀಲು ಎಲ್ಲೆಲ್ಲಿದೆ ಅಂತ. ಎರಡು ವಸ್ತು ಕೂಡುವ ಜಾಗದಲ್ಲೇ ಬಿಸಿಲು ಸೋರೋದು.

ಅಮೆರಿಕದ ದೂರವಾಣಿ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಕಥೆ ನಿಮಗೆ ಗೊತ್ತಿರುತ್ತೆ. 1954ರ ಏಪ್ರಿಲ್‌ನಲ್ಲಿ ಬೆಳಕಿನ ಬಲದಿಂದ ಒಂದು ಆಟಿಕೆ ರಾಟೆ ತೊಟ್ಟಿಲನ್ನು ತಿರುಗಿಸಿ ತೋರಿಸಿದರು. ಸ್ವಾರಸ್ಯ ಇರೋದು ಅದಕ್ಕೆ ಮುಂಚಿನ ಪರದಾಟದಲ್ಲಿ. ಸೆಕೆ, ತೇವ ಇರುವ ಕಡೆ ದೂರವಾಣಿಯ ಬ್ಯಾಟರಿಗಳು ಕೈಕೊಡ್ತಿದ್ದವು. ಅದಕ್ಕೆ ಮದ್ದು ಹುಡುಕುವ ಕೆಲಸ ಡ್ಯಾರಿಲ್ ಚಾಪಿನ್ ಅವರದು. ಸೆಲೆನಿಯಂ ಹಿಡಿದುಕೊಂಡು ಒದ್ದಾಡಿದರು. ಶೇಕಡಾ ಒಂದೂ ದಾಟಲಿಲ್ಲ. ಅದೇ ಸಂಸ್ಥೆಯ ಭೌತವಿಜ್ಞಾನಿ ಜೆರಾಲ್ಡ್ ಪಿಯರ್ಸನ್, ಲಿಥಿಯಂ ಸೇರಿಸಿದ ಸಿಲಿಕಾನ್ ಚೂರಿಗೆ ಬೆಳಕು ಬಿಟ್ಟು ನೋಡಿದರೆ, ಸೆಲೆನಿಯಂ ನಾಚಬೇಕು, ಅಷ್ಟು ಕರೆಂಟ್. ಸೆಲೆನಿಯಂ ಆಚೆ ಬಿಸಾಕು ಅಂತ ಚಾಪಿನ್‌ಗೆ ಹೇಳಿಯೇಬಿಟ್ಟರು. ಗೆದ್ದಂತೆ ಅಂದುಕೊಂಡಿರಾ? ಲಿಥಿಯಂ ಸುಮ್ಮನೆ ಕೂರುವ ಪ್ರಾಣಿಯಲ್ಲ. ಬಿಸಿ ಮಾಡದಿದ್ದರೂ ಸಿಲಿಕಾನ್ ಒಳಗೆ ಜರುಗುತ್ತಾ ಹೋಗುತ್ತೆ. ಪಿ-ಎನ್ ಸಂಧಿ, ಅಂದರೆ ಎರಡು ಬಗೆಯ ಸಿಲಿಕಾನ್ ಕೂಡುವ ಕೀಲು, ಬೆಳಕು ಬೀಳುವ ಮೇಲ್ಮೈ ಬಿಟ್ಟು ಆಳಕ್ಕೆ ಇಳೀತಿತ್ತು. ಜೊತೆಗೆ ತಂತಿಯ ಸಂಪರ್ಕ ಸರಿಯಾಗಿ ಹಿಡೀತಾನೇ ಇರಲಿಲ್ಲ. ಕೊನೆಗೆ ಅಲ್ಲಿನ ರಸಾಯನವಿಜ್ಞಾನಿ ಕ್ಯಾಲ್ವಿನ್ ಫುಲ್ಲರ್, ಆರ್ಸೆನಿಕ್ ಬೆರೆತ ಸಿಲಿಕಾನಿನ ಮೇಲ್ಮೈಗೆ ಬೋರಾನನ್ನು ತೆಳ್ಳಗೆ ಇಳಿಸಿದರು. ಸಂಧಿ ಮೇಲೆ ಉಳೀತು, ತಂತಿ ಹಿಡೀತು, ದಕ್ಷತೆ ಶೇ 6ಕ್ಕೆ ಏರ್ತು. ನೋಡಿ, ಆಗಲೂ ತೊಂದರೆ ಕೊಟ್ಟಿದ್ದು ಕೀಲೇ!

ಪ್ಯಾನೆಲ್ ಒಳಗೆ ಸಾಲಾಗಿ ಕೂತ ಸಿಲಿಕಾನ್ ಬಿಲ್ಲೆಗಳೇ ಸೆಲ್. ಟಾಪ್‌ಕಾನ್ ಅನ್ನೋ ಇವತ್ತಿನ ಬಗೆಯ ಸೆಲ್‌ನಲ್ಲಿ ಮಾಡಿರೋದೂ ಅದೇ ರಿಪೇರಿ. ಲೋಹದ ಗೆರೆ ನೇರವಾಗಿ ಸಿಲಿಕಾನನ್ನು ಮುಟ್ಟುವ ಕಡೆ ಧನ, ಋಣ ವಿದ್ಯುದಂಶಗಳು ಹೊರಗೆ ಬರುವ ಮೊದಲೇ ಒಂದಕ್ಕೊಂದು ಕೂಡಿ ಸತ್ತುಹೋಗುತ್ತವೆ. ಅದಕ್ಕೆ ಸೆಲ್‌ನ ಹಿಂಬದಿಯಲ್ಲಿ ಒಂದೆರಡು ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ, ಅದರ ಮೇಲೆ ಬಹುಸ್ಫಟಿಕ ಸಿಲಿಕಾನ್ ಪದರ, ಆಮೇಲೆ ಲೋಹ. ಇದರ ಲಾಭ ಬಿಸಿಲೇರಿದಾಗ ಕಾಣುತ್ತೆ. ಪ್ಯಾನೆಲ್ ಹಿಂದಿನ ಚೀಟಿಯಲ್ಲಿ ಬರೆದ 400 ವ್ಯಾಟ್, ಸೆಲ್ 25 ಡಿಗ್ರಿಯಲ್ಲಿದ್ದಾಗಿನ ಮಾತು. ಗಾಳಿಯ ಉಷ್ಣತೆ ಅಂತ ತಿಳೀಬೇಡಿ, ಸೆಲ್‌ನದ್ದು. ಸುಡುಬಿಸಿಲಿನಲ್ಲಿ ಅದು 65 ಮುಟ್ಟೋದು ಮಾಮೂಲು. ಹೆಚ್ಚಿನ 40 ಡಿಗ್ರಿಗೆ, ಪರ್ಕ್ ಅನ್ನೋ ಹಳೆಯ ಬಗೆಯ ಸೆಲ್ ಡಿಗ್ರಿಗೆ ಸುಮಾರು 0.35ರಂತೆ ಶೇ 14 ಕಳೆದುಕೊಳ್ಳುತ್ತೆ, ಟಾಪ್‌ಕಾನ್ 0.30ರಂತೆ 12, ಹೆಟೆರೋಜಂಕ್ಷನ್ ಅನ್ನೋ ಇನ್ನೊಂದು ಬಗೆ 0.25ರಂತೆ 10. ಯಾವುದೇ ಕೊಳ್ಳಿ, ತಾರಸಿಗೆ ಅಂಟಿಸಿದ ಹಾಗೆ ಕೂರಿಸಬೇಡಿ. ಕೆಳಗೆ ಗಾಳಿಯಾಡಲು ಗೇಣಗಲ ಜಾಗ ಬಿಡಿ.

ಇನ್ನು ಧೂಳು. ಇಡೀ ಗಾಜಿನ ಮೇಲೆ ಹಗುರಾಗಿ ಕೂತ ಧೂಳಿಗೆ ಅಷ್ಟು ಹೆದರಬೇಕಿಲ್ಲ. ಪ್ಯಾನೆಲ್‌ನ ಕೆಳಗಿನ ಅಂಚು ಬಗ್ಗಿ ನೋಡಿ. ಇಳಿಜಾರು ಐದಾರು ಡಿಗ್ರಿ ಮಾತ್ರ ಇದ್ದರೆ ಮಳೆನೀರು ಫ್ರೇಮಿನ ಅಂಚಿಗೆ ತಡೆದು ನಿಂತು, ಅಲ್ಲೇ ಆರಿ, ಎರಡು ಬೆರಳಗಲ ಕೆಸರಿನ ಪಟ್ಟಿ ಕಟ್ಟಿರುತ್ತೆ. ಆ ಪಟ್ಟಿ ಕೊನೆಯ ಸಾಲಿನ ಸೆಲ್‌ಗಳನ್ನು ಮುಚ್ಚುತ್ತೆ. ಸೆಲ್‌ಗಳು ಸರಪಳಿಯಂತೆ ಜೋಡಿಸಿದವು. ಒಂದರ ಕರೆಂಟ್ ಕುಗ್ಗಿದರೆ ಆ ಸರಪಳಿಯೆಲ್ಲ ಕುಗ್ಗುತ್ತೆ. ಹಳೆಯ 60 ಸೆಲ್‌ನ ಪ್ಯಾನೆಲ್ಲನ್ನು ಉದ್ದುದ್ದ ನಿಲ್ಲಿಸಿದ್ದರೆ ಅದರೊಳಗಿನ ಮೂರೂ ಸರಪಳಿಗಳಿಗೆ ಪೆಟ್ಟು, ಅಂದರೆ ಪೂರಾ ಪ್ಯಾನೆಲ್‌ಗೆ. ಅಡ್ಡಡ್ಡ ಮಲಗಿಸಿದ್ದರೆ ಕರೆಂಟಿಗೆ ಬಳಸುದಾರಿ ಕೊಡುವ ಬೈಪಾಸ್ ಡಯೋಡ್ ಒಂದು ಸರಪಳಿಯನ್ನು ಬದಿಗೆ ಸರಿಸುತ್ತೆ, ಹೋಗೋದು ಮೂರನೇ ಒಂದು ಪಾಲು. ಸೆಲ್‌ಗಳನ್ನು ಎರಡಾಗಿ ಕತ್ತರಿಸಿ ಮೇಲರ್ಧ, ಕೆಳಗರ್ಧ ಬೇರೆ ಬೇರೆ ಜೋಡಿಸಿದ ಈಗಿನ ಅರ್ಧ ಸೆಲ್‌ನ ಪ್ಯಾನೆಲ್ ಉದ್ದುದ್ದ ನಿಂತಿದ್ದರೂ ಮೇಲಿನ ಅರ್ಧ ದುಡಿಯುತ್ತಲೇ ಇರುತ್ತೆ. ಎರಡು ಬೆರಳ ಕೆಸರಿನ ಮುಂದೆ ಶೇಕಡಾ 22ರ ಜಂಬ ಎಲ್ಲಿ ನಿಲ್ಲುತ್ತೆ, ಹೇಳಿ.

ವೋಲ್ಟೇಜ್ ವಿಷಯ. ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡೋದು ಇನ್‌ವರ್ಟರ್. ಅದು ಸುಡೋದಿದ್ದರೆ ಬೇಸಿಗೆಯ ಮಧ್ಯಾಹ್ನವೇ ಅಂದುಕೊಂಡಿರ್ತೀವಿ. ಆದರೆ ಅತಿ ಹೆಚ್ಚು ವೋಲ್ಟೇಜ್ ಬರೋದು ಚಳಿಗಾಲದ ಮುಂಜಾನೆ, ಸೆಲ್ ತಣ್ಣಗಿದ್ದು ಬಿಸಿಲು ಆಗತಾನೇ ಬಿದ್ದಾಗ. ತೆರೆದ ವೋಲ್ಟೇಜ್, ಅಂದರೆ ಕರೆಂಟ್ ಹರಿಯದಿರುವಾಗಿನದು, 50 ಇರುವ 20 ಪ್ಯಾನೆಲ್‌ಗಳನ್ನು ಒಂದರ ಹಿಂದೊಂದು ಜೋಡಿಸಿ ಒಂದೇ ಸ್ಟ್ರಿಂಗ್ ಮಾಡಿದರೆ ಕಾಗದದ ಮೇಲೆ ಸರಿಯಾಗಿ 1000. ಇನ್‌ವರ್ಟರ್‌ನ ಮಿತಿಯೂ 1000. ಲೆಕ್ಕ ಚೊಕ್ಕ! ಆದರೆ 25ರಿಂದ ಕೆಳಗೆ ಇಳಿದ ಒಂದೊಂದು ಡಿಗ್ರಿಗೆ ಶೇ 0.27 ಏರುತ್ತೆ ಅಂತ ಹಿಡಿದರೂ ಸೊನ್ನೆ ಡಿಗ್ರಿಯಲ್ಲಿ ಅದು 1067. 18 ಪ್ಯಾನೆಲ್ ಹಾಕಿ, 961ಕ್ಕೆ ನಿಲ್ಲುತ್ತೆ. ಹಾಕುವ ಊರಿನ ಅತಿ ಚಳಿಯ ದಿನದ ಉಷ್ಣತೆ ಹಿಡಿದು ಈ ಗುಣಾಕಾರ ಮಾಡಿಯೇ ಸ್ಟ್ರಿಂಗ್ ಕಟ್ಟಬೇಕು.

ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ನಾನು ನೋಡಲಿಲ್ಲ ಅಂತ ಇಟ್ಟುಕೊಳ್ಳಿ, ಕನೆಕ್ಟರ್ ಬಿಡೋಕೆ ಆಗಲ್ಲ. ಪ್ಯಾನೆಲ್‌ಗಳ ತಂತಿ ಕೂಡಿಸುವ, ಬೆರಳ ಗಾತ್ರದ ಪ್ಲಾಸ್ಟಿಕ್ ತುಂಡು. ಎರಡು ಬೇರೆ ಕಂಪನಿಗಳವು ಟಿಕ್ ಅಂತ ಕೂತುಬಿಡುತ್ತವೆ, ಒಳಗಿನ ಲೋಹ, ಅಳತೆ ಕೂಡಿರಲ್ಲ. ತಂತಿಯ ತುದಿ ಒತ್ತಿ ಕೂರಿಸೋಕೆಂದೇ ಇರುವ ಕ್ರಿಂಪಿಂಗ್ ಟೂಲ್ ಇಲ್ಲದೆ ಇಕ್ಕಳದಲ್ಲಿ ಒತ್ತಿದ್ದರಂತೂ ಮುಗೀತು. ಅಲ್ಲಿ 0.1 ಓಮ್ ರೋಧ ಹುಟ್ಟಿ 10 ಆಂಪಿಯರ್ ಹರಿದರೆ, ಆ ಚಿಕ್ಕ ಜಾಗದಲ್ಲಿ 10 ವ್ಯಾಟ್ ಶಾಖ, ದಿನವಿಡೀ. ಪ್ಲಾಸ್ಟಿಕ್ ಮೆತ್ತಗಾಗುತ್ತೆ, ಹಿಡಿತ ಸಡಿಲುತ್ತೆ, ಕಿಡಿ ಹಾರುತ್ತೆ. 50 ಹರ್ಟ್ಸ್‌ನ ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರೋದರಿಂದ ಕಿಡಿ ಆರೋಕೆ ಅವಕಾಶ ಇದೆ. ಡಿಸಿಗೆ ಆ ಪುಣ್ಯ ಇಲ್ಲ. ಹಾಗಾಗಿ ಓಡುತ್ತಿರುವಾಗ ಕನೆಕ್ಟರ್ ಎಳೀಬೇಡಿ. ಮೊದಲು ಇನ್‌ವರ್ಟರ್, ಆಮೇಲೆ ಡಿಸಿ ಐಸೊಲೇಟರ್ ಅನ್ನೋ ಸ್ವಿಚ್ ಆರಿಸಿ, ಕೊನೆಗೆ ಕನೆಕ್ಟರ್. ಬಿಚ್ಚಿದ ಮೇಲೂ ಬಿಸಿಲಿರುವ ತನಕ ತುದಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತೆ.

ಬೆಳವಣಿಗೆಯ ಬಗ್ಗೆ ಅರ್ಧ ಗಂಟೆ ಇಟ್ಟುಕೊಂಡಿದ್ದೆ, ಅರ್ಧ ನಿಮಿಷ ಸಿಕ್ಕಿದೆ. ಜಗತ್ತಿನಲ್ಲಿ ಮೊದಲ ಟೆರಾವ್ಯಾಟ್, ಅಂದರೆ ಲಕ್ಷ ಕೋಟಿ ವ್ಯಾಟ್, ಸೌರಶಕ್ತಿ ಕೂಡಿದ್ದು 2022ರಲ್ಲಿ, ಆ ಆಟಿಕೆ ತೊಟ್ಟಿಲಿನಿಂದ 68 ವರ್ಷಕ್ಕೆ. ಎರಡನೆಯದು 2024ರಲ್ಲೇ. ಪೆರೊವ್‌ಸ್ಕೈಟ್ ಅನ್ನೋ ಹೊಸ ವಸ್ತುವಿನ ಸೆಲ್‌ನ ದಕ್ಷತೆ 2009ರಲ್ಲಿ ಶೇ 3.8 ಇತ್ತು; ಈಗ ಸಿಲಿಕಾನ್ ಬೆನ್ನೇರಿ ಪ್ರಯೋಗಾಲಯದಲ್ಲಿ 34 ದಾಟಿದೆ. ತೇವ, ಶಾಖ ತಡೆದು 25 ವರ್ಷ ಬಾಳುತ್ತಾ ಅನ್ನೋದೇ ಅದರ ಪರೀಕ್ಷೆ. ಅಲ್ಲೂ ಪದರ ಪದರ ಕೂಡುವ ಜಾಗವೇ ತಲೆನೋವು. ನನ್ನ ಹಳೇ ರಾಗ, ಬಿಡಿ.

ಬ್ಯಾಟರಿ ಪ್ರಶ್ನೋತ್ತರಕ್ಕಿರಲಿ. ಒಂದೇ ಮಾತು: ಬ್ಯಾಟರಿ ಇಲ್ಲದ ಗ್ರಿಡ್ ಇನ್‌ವರ್ಟರ್, ಹೊರಗೆ ಕರೆಂಟ್ ಹೋದರೆ ತಾನೂ ನಿಲ್ಲುತ್ತೆ. ಕೆಟ್ಟಿಲ್ಲ; ಲೈನ್ ರಿಪೇರಿಗೆ ಕಂಬ ಹತ್ತಿದವರ ಜೀವ ಕಾಯೋಕೆ ಹಾಗೆ ಮಾಡಿರೋದು. ಹಾಂ, ಆ ಕೆಸರಿನ ಪಟ್ಟಿ ಉಜ್ಜೋಕೆ ಮಧ್ಯಾಹ್ನ ಹೋಗಬೇಡಿ, ಕಾದ ಗಾಜು ತಣ್ಣೀರಿಗೆ ಬಿರುಕು ಬಿಡಬಹುದು. ಬೆಳಿಗ್ಗೆಯೇ, ಮೆತ್ತನೆ ಬಟ್ಟೆಯಲ್ಲಿ, ಪ್ಯಾನೆಲ್ ಮೇಲೆ ಕಾಲಿಡದೆ.