ಚೆಂಡು ಏರುವಾಗಲೇ ಹೊಡೆಯಿರಿ: ಕಿಮಿಕೊ ಡಾಟೆ ಮರಳಿ ಬಂದ ಕಥೆ

ಕೇಳುಗರಿಗೆಲ್ಲ ನಮಸ್ಕಾರ.

ಈ ಹೊತ್ತಿನಲ್ಲಿ ಬಾನುಲಿ ಕೇಳುವವರು ಯಾರು ಅಂತ ನಾನು ಅಂದಾಜು ಮಾಡಬಲ್ಲೆ. ಅಡುಗೆ ಕೆಲಸ ಮುಗಿಸಿ ಈಗಷ್ಟೇ ಕೂತವರು. ಹೊಲಿಗೆ ಮಿಷನ್ ಮುಂದೆ ಇರುವವರು. ಅಂಗಡಿಯಲ್ಲಿ ಗಿರಾಕಿ ಬರಲಿ ಅಂತ ಕಾಯುತ್ತಿರುವವರು. ನಿಮ್ಮಲ್ಲಿ ಹೆಚ್ಚಿನವರು ಟೆನಿಸ್ ರ‍್ಯಾಕೆಟ್ ಹಿಡಿದಿರಲಿಕ್ಕಿಲ್ಲ. ಪರವಾಗಿಲ್ಲ. ಮನೆಯಲ್ಲಿ ಮಕ್ಕಳ ರಬ್ಬರ್ ಚೆಂಡು ಒಂದಾದರೂ ಇರುತ್ತದೆ, ಅಲ್ವಾ? ಅದನ್ನು ಸ್ವಲ್ಪ ಮುಂದಕ್ಕೆ ಎಸೆದು ನೋಡಿ.

ಚೆಂಡು ನೆಲಕ್ಕೆ ಬಿತ್ತು. ಪುಟಿದು ಮೇಲೆ ಬಂತು. ಮೇಲೆ ಹೋಗಿ ಒಂದು ಕ್ಷಣ ನಿಂತ ಹಾಗೆ ಆಯಿತು. ಆಮೇಲೆ ಇಳಿಯತೊಡಗಿತು. ಹೊಸದಾಗಿ ಆಟ ಕಲಿಯುವವರೆಲ್ಲ ಚೆಂಡು ಇಳಿಯುವವರೆಗೆ ಕಾಯುತ್ತಾರೆ. ಆಗ ಹೊಡೆಯುವುದು ಸುಲಭ. ಆದರೆ ಅಷ್ಟರಲ್ಲಿ ಎದುರಾಳಿ ತನ್ನ ಜಾಗಕ್ಕೆ ಬಂದು ನಿಂತಾಗಿರುತ್ತದೆ. ಚೆಂಡು ಪುಟಿದು ಮೇಲೇರುತ್ತಿರುವಾಗಲೇ ಹೊಡೆದರೆ? ಎದುರಾಳಿಗೆ ಉಸಿರು ತಗೊಳ್ಳಲೂ ಪುರುಸೊತ್ತು ಇರುವುದಿಲ್ಲ. ಅವಳು ಜೋರಾಗಿ ಹೊಡೆದ ಚೆಂಡಿನಲ್ಲಿ ಅವಳದೇ ವೇಗ ಇರುತ್ತದೆ. ನೀವು ಬಲ ಹಾಕುವುದೇ ಬೇಡ. ರ‍್ಯಾಕೆಟ್ಟನ್ನು ಸರಿಯಾದ ಹೊತ್ತಿಗೆ, ಸರಿಯಾದ ಕೋನದಲ್ಲಿ ಒಡ್ಡಿದರೆ ಸಾಕು.

ಚೆಂಡು ಏರುವಾಗಲೇ ಹೊಡೆಯಬೇಕು. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ ಮಾತು. ಅದನ್ನು ಕಿಮಿಕೊ ಡಾಟೆ ಅವರ ಕಥೆಯ ಮೂಲಕ ಹೇಳುತ್ತೇನೆ.

ಕಿಮಿಕೊ ಡಾಟೆ ಜಪಾನಿನ ಕ್ಯೋಟೋದವರು. ಹುಟ್ಟಿದ್ದು 1970ರ ಸೆಪ್ಟೆಂಬರ್ 28ರಂದು. ಹುಟ್ಟಿನಿಂದ ಎಡಗೈಯವರು, ಟೆನಿಸ್ ಆಡಿದ್ದು ಮಾತ್ರ ಬಲಗೈಯಲ್ಲಿ. ಎತ್ತರ 163 ಸೆಂಟಿಮೀಟರ್. ಅಂದರೆ ನಮ್ಮ ಮನೆಗಳಲ್ಲೂ ಕಾಣಸಿಗುವ ಎತ್ತರವೇ. ಅಷ್ಟು ಚಿಕ್ಕ ಆಳು 1995ರಲ್ಲಿ ವಿಶ್ವದ 4ನೇ ಸ್ಥಾನಕ್ಕೆ ಏರಿದರು. ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಆಸ್ಟ್ರೇಲಿಯ, ಫ್ರಾನ್ಸ್, ವಿಂಬಲ್ಡನ್, ಮೂರೂ ಕಡೆ ಸೆಮಿಫೈನಲ್ ಆಡಿದರು.

1996ರ ಏಪ್ರಿಲ್‌ನಲ್ಲಿ ಟೋಕಿಯೋದ ಅರಿಯಾಕೆ ಅಂಗಳದಲ್ಲಿ ಫೆಡ್ ಕಪ್ ಪಂದ್ಯ, ಅಂದರೆ ದೇಶ ದೇಶಗಳ ಮಹಿಳಾ ತಂಡಗಳು ಆಡುವ ಟೂರ್ನಿ. ಎದುರಿಗೆ ಜರ್ಮನಿಯ ಸ್ಟೆಫಿ ಗ್ರಾಫ್. ಆಗ ಗ್ರಾಫ್ ಅವರನ್ನು ಸೋಲಿಸುವವರೇ ಇರಲಿಲ್ಲ. ಡಾಟೆ ಸೋಲಿಸಿದರು. ಟೆನಿಸ್‌ನಲ್ಲಿ ಎರಡು ಗೇಮ್ ಅಂತರದಲ್ಲಿ 6 ಗೇಮ್ ಗೆದ್ದರೆ ಒಂದು ಸೆಟ್, ಎರಡು ಸೆಟ್ ಗೆದ್ದವರಿಗೆ ಪಂದ್ಯ. ಇಲ್ಲಿ ಕೊನೆಯ ಸೆಟ್ 12-10ರ ತನಕ ಹೋಯಿತು. ಅದೇ ವರ್ಷ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಮತ್ತೆ ಗ್ರಾಫ್. ಮೊದಲ ಸೆಟ್ ಗ್ರಾಫ್‌ಗೆ, ಎರಡನೆಯದು ಡಾಟೆಗೆ. ಅದನ್ನು ಅವರು ಸತತ 6 ಗೇಮ್ ಗೆದ್ದು ಕಸಿದುಕೊಂಡಿದ್ದರು. ಅಷ್ಟರಲ್ಲಿ ಕತ್ತಲಾಯಿತು ಅಂತ ಆಟ ನಿಲ್ಲಿಸಿದರು. ಮಾರನೆಯ ದಿನ ಗ್ರಾಫ್ ಗೆದ್ದರು. ಇನ್ನು ಅರ್ಧ ಗಂಟೆ ಬೆಳಕು ಇದ್ದಿದ್ದರೆ ಡಾಟೆಯೇ ಗೆಲ್ಲುತ್ತಿದ್ದರು ಅಂತ ನಾನು ಇವತ್ತಿಗೂ ನಂಬಿದ್ದೇನೆ.

ಆ ವರ್ಷದ ಕೊನೆಗೆ, ವಿಶ್ವದ ಮೊದಲ 10 ಜನರಲ್ಲಿ ಒಬ್ಬರಾಗಿದ್ದಾಗಲೇ, ಆಟ ಬಿಟ್ಟುಬಿಟ್ಟರು. ವಯಸ್ಸು ಬರೀ 26. ನನಗೆ ಆದ ಬೇಜಾರು ಅಷ್ಟಿಷ್ಟಲ್ಲ. ಪೇಪರಿನಿಂದ ಕತ್ತರಿಸಿಟ್ಟ ಅವರ ಚಿತ್ರಗಳು ನನ್ನ ಹತ್ತಿರ ಒಂದು ನೋಟ್‌ಬುಕ್ ತುಂಬ ಇದ್ದವು. ಅದನ್ನು ಬೀರುವಿನ ಮೇಲಿಟ್ಟೆ.

ಅವರು ಮದುವೆಯಾದರು. ಗಂಡ ಜರ್ಮನಿಯ ಕಾರ್ ರೇಸ್ ಚಾಲಕ ಮೈಕಲ್ ಕ್ರುಮ್. 2004ರಲ್ಲಿ ಲಂಡನ್ ಮ್ಯಾರಥಾನ್ ಓಡಿ 3 ಗಂಟೆ 27 ನಿಮಿಷದಲ್ಲಿ ಮುಗಿಸಿದರು. ಸ್ಪರ್ಧೆಯ ಟೆನಿಸ್ ಮಾತ್ರ ಇಲ್ಲ. ಹೀಗೇ 11 ವರ್ಷಕ್ಕೂ ಜಾಸ್ತಿ ಕಳೆಯಿತು. 2008ರ ಏಪ್ರಿಲ್‌ನಲ್ಲಿ, 37ನೇ ವಯಸ್ಸಿನಲ್ಲಿ, ಮತ್ತೆ ಆಡುತ್ತೇನೆ ಅಂದರು. ಜಪಾನಿನ ಕಿರಿಯ ಆಟಗಾರ್ತಿಯರಿಗೆ ಹುರುಪು ತುಂಬಬೇಕು ಅನ್ನುವುದು ಅವರು ಕೊಟ್ಟ ಕಾರಣ.

ಮೊದಲು ಆಡಿದ್ದು ಗಿಫು ಅನ್ನುವ ಊರಿನ ಒಂದು ಸಣ್ಣ ಟೂರ್ನಿ. ಒಂದು ಕಾಲದ ವಿಶ್ವದ 4ನೇ ಆಟಗಾರ್ತಿ ಅರ್ಹತಾ ಸುತ್ತಿನಿಂದ ಶುರು ಮಾಡಿದರು! ಅಲ್ಲಿಂದ ಫೈನಲ್ ತನಕ ಹೋದರು. ಡಬಲ್ಸ್‌ನಲ್ಲಿ 16 ವರ್ಷದ ಕುರುಮಿ ನಾರಾ ಎಂಬ ಹುಡುಗಿಯನ್ನು ಜೊತೆಗಿಟ್ಟುಕೊಂಡು ಗೆದ್ದೇಬಿಟ್ಟರು. ನಾನು ಬೀರುವಿನ ಮೇಲಿಂದ ನೋಟ್‌ಬುಕ್ ಇಳಿಸಿದೆ.

ಇಷ್ಟು ವರ್ಷ ಬಿಟ್ಟವರು ಹೇಗೆ ಆಡಿದರು ಅಂತ ಎಲ್ಲರೂ ಕೇಳುತ್ತಾರೆ. ಮನೋಬಲ, ಛಲ, ಶಿಸ್ತು ಅಂತ ಉತ್ತರ ಕೊಟ್ಟುಬಿಡುತ್ತಾರೆ. ಅದೆಲ್ಲ ಇದ್ದದ್ದೇ. ಛಲ ಯಾರಿಗಿಲ್ಲ? ನಾನು ಕೋಚ್ ಆಗಿ ಹೇಳುತ್ತೇನೆ, ಕೇಳಿ. ಅವರು ಚೆಂಡು ಏರುವಾಗಲೇ ಹೊಡೆಯುತ್ತಿದ್ದರು. ಅದಕ್ಕೇ ವಾಪಸ್ ಬರಲು ಆಯಿತು. ತೋಳಿನ ಬಲವನ್ನೇ ನಂಬಿ ಆಡುವವರ ಆಟ, ತೋಳು ಸೋತ ದಿನ ಮುಗಿಯುತ್ತದೆ. ಡಾಟೆ ನಂಬಿದ್ದು ಕಣ್ಣನ್ನು, ಚೆಂಡು ಎಲ್ಲಿ ಬೀಳುತ್ತದೆ ಎಂಬ ಅಂದಾಜನ್ನು. ರ‍್ಯಾಕೆಟ್ಟನ್ನು ಹಿಂದಕ್ಕೆ ಎಳೆಯುತ್ತಿದ್ದದ್ದು ಚೂರೇ ಚೂರು. ನಿಲ್ಲುತ್ತಿದ್ದದ್ದು ಅಂಗಳದ ಹಿಂಬದಿಯ ಗೆರೆಯ ಹತ್ತಿರ. ಅದಕ್ಕಿಂತ ಹಿಂದೆ ನಿಂತವರು ಮೂಲೆಯಿಂದ ಮೂಲೆಗೆ ಓಡಬೇಕು. ಮುಂದೆ ನಿಂತವರಿಗೆ ನಾಲ್ಕು ಹೆಜ್ಜೆ ಸಾಕು.

ಈಗ ನನಗೆ ತುಂಬಾ ಪ್ರೀತಿಯ ಒಂದು ಸಂಜೆಯ ಬಗ್ಗೆ ಹೇಳಬೇಕು.

2011ರ ಜೂನ್. ಆಗ ನಾನು ಮೈಸೂರಿನಲ್ಲಿ ಮಕ್ಕಳಿಗೆ ಟೆನಿಸ್ ಹೇಳಿಕೊಡುತ್ತಿದ್ದೆ. ಅವತ್ತು ಮಳೆ ಬಂದು ಮಣ್ಣಿನ ಅಂಗಳ ಗದ್ದೆಯಂತಾಗಿತ್ತು. ಬಂದಿದ್ದ ನಾಲ್ಕು ಹುಡುಗಿಯರನ್ನು ನಮ್ಮ ಮನೆಗೇ ಕರೆದುಕೊಂಡು ಹೋದೆ. ಟಿವಿಯಲ್ಲಿ ವಿಂಬಲ್ಡನ್ ಎರಡನೇ ಸುತ್ತು. ಡಾಟೆ ಮತ್ತು ಅಮೆರಿಕದ ವೀನಸ್ ವಿಲಿಯಮ್ಸ್.

ಅಲ್ಲೂ ಮಳೆ. ಸೆಂಟರ್ ಕೋರ್ಟ್‌ನ ಚಾವಣಿ ಮುಚ್ಚಿದ್ದರು. ಡಾಟೆಗೆ 40 ವರ್ಷ, ವೀನಸ್‌ಗೆ 31. ವೀನಸ್ ಅಲ್ಲಿ 5 ಸಲ ಚಾಂಪಿಯನ್. ಎತ್ತರ 185 ಸೆಂಟಿಮೀಟರ್. ಇಬ್ಬರೂ ನೆಟ್ ಹತ್ತಿರ ನಿಂತಾಗ ನೋಡಿದರೆ ಒಂದು ಗೇಣು ವ್ಯತ್ಯಾಸ. ಡಾಟೆ ಮೊದಲ ಸಲ ವಿಂಬಲ್ಡನ್ ಆಡಿದ್ದು 1989ರಲ್ಲಿ. ಆಗ ವೀನಸ್ 9 ವರ್ಷದ ಮಗು. ಮಕ್ಕಳಿಗೆ ಇದನ್ನು ಹೇಳಿದೆ. ಅವರು ಬೆರಳಲ್ಲಿ ಲೆಕ್ಕ ಹಾಕಿ, "ಮೇಡಂ, ನಾವು ಇನ್ನೂ ಹುಟ್ಟೇ ಇರಲಿಲ್ಲ" ಅಂದರು.

ಆಟ ಶುರುವಾಯಿತು. ವೀನಸ್ ಸರ್ವ್ ಗುಂಡಿನಂತೆ ಬರುತ್ತಿತ್ತು. ಡಾಟೆ ಹಿಂದೆ ಸರಿಯಲಿಲ್ಲ. ಗೆರೆಯ ಮೇಲೇ ನಿಂತು, ಚೆಂಡು ಮೊಣಕಾಲ ಮಟ್ಟಕ್ಕೆ ಬರುವ ಮೊದಲೇ ತಟ್ಟಿ ಕಳಿಸುತ್ತಿದ್ದರು. ತಟ್ಟಿ ನೇರ ನೆಟ್ಟಿಗೆ ಓಡುತ್ತಿದ್ದರು. ವೀನಸ್ ಅವರಿಗೆ ಇದು ಅರ್ಥವೇ ಆಗಲಿಲ್ಲ ಅನ್ನಿಸುತ್ತಿತ್ತು. ಮೊದಲ ಸೆಟ್ ಟೈಬ್ರೇಕ್‌ಗೆ, ಅಂದರೆ 6-6 ಆದಾಗ ಸೆಟ್ ತೀರ್ಮಾನಿಸುವ ಒಂದು ಗೇಮ್‌ಗೆ, ಹೋಯಿತು. ಡಾಟೆ ಗೆದ್ದರು. ನಮ್ಮ ಮನೆಯಲ್ಲಿ ಎದ್ದ ಕೂಗಿಗೆ ಮೇಲಿನ ಮನೆಯವರು ಇಳಿದು ಬಂದರು.

ಅಷ್ಟು ಹೊತ್ತಿಗೆ ಒಬ್ಬ ಹುಡುಗಿಯ ತಾಯಿ ಕೊಡೆ ಹಿಡಿದು ಬಾಗಿಲಿಗೆ ಬಂದರು. ಮಗಳಿಗೆ ಟ್ಯೂಷನ್ ಇತ್ತು. "ಬಾರೇ, ಹೊತ್ತಾಯ್ತು" ಅಂದರು. ಮಗಳು ಟಿವಿ ಕಡೆ ಕೈ ತೋರಿಸಿ, "ಅಮ್ಮ, ಇವರಿಗೆ ನಿನಗಿಂತ ಜಾಸ್ತಿ ವಯಸ್ಸು" ಅಂದಳು. ತಾಯಿ ಹಾಗೇ ನೋಡುತ್ತಾ ನಿಂತರು. ಕೊಡೆಯಿಂದ ನೀರು ಹೊಸಿಲ ಮೇಲೆ ತೊಟ್ಟಿಕ್ಕುತ್ತಿತ್ತು. ಒಳಗೆ ಬನ್ನಿ ಅಂದೆ. ಬಂದು ಕುರ್ಚಿಯ ತುದಿಯಲ್ಲಿ ಕೂತರು. ಎರಡನೇ ಸೆಟ್ ವೀನಸ್ ಗೆದ್ದಾಗ ಕುರ್ಚಿಗೆ ಸರಿಯಾಗಿ ಒರಗಿಕೊಂಡರು. ಟ್ಯೂಷನ್ ಮಾತು ಮತ್ತೆ ಬರಲಿಲ್ಲ.

ಮೂರನೇ ಸೆಟ್ 6-6 ಆಯಿತು. ಆಗ ವಿಂಬಲ್ಡನ್‌ನಲ್ಲಿ ಕೊನೆಯ ಸೆಟ್‌ಗೆ ಟೈಬ್ರೇಕ್ ಇರಲಿಲ್ಲ. ಎರಡು ಗೇಮ್ ಅಂತರ ಬರುವ ತನಕ ಆಡಲೇಬೇಕು. ಹತ್ತಿರ ಹತ್ತಿರ 3 ಗಂಟೆ ಆಟ. 40 ವರ್ಷದ ಕಾಲುಗಳು. ಕೊನೆಗೆ 8-6ಕ್ಕೆ ವೀನಸ್ ಗೆದ್ದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹುಡುಗಿಯರ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ.

ಆ ತಾಯಿ ಹೊರಡುವಾಗ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಹೇಳಿದರು: "ನಾನು ಕಾಲೇಜಿನಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡ್ತಿದ್ದೆ ಮೇಡಂ. ಮದುವೆ ಆದ ಮೇಲೆ ಬಿಟ್ಟೆ." ಸೋಮವಾರ ಬನ್ನಿ ಅಂದೆ. ಬಂದರು. ಚೂಡಿದಾರ, ಮಗಳ ಹಳೇ ಕ್ಯಾನ್ವಾಸ್ ಶೂ. ನಾನು ಚೆಂಡು ಕೊಟ್ಟೆ. ಏನಾಯಿತು ಗೊತ್ತಾ? ಬಾಲ್ ಬ್ಯಾಡ್ಮಿಂಟನ್‌ನಲ್ಲಿ ಉಣ್ಣೆಯ ಹಳದಿ ಚೆಂಡು ನೆಲಕ್ಕೆ ಬೀಳುವ ಹಾಗೇ ಇಲ್ಲ, ಗಾಳಿಯಲ್ಲೇ ಹೊಡೆಯಬೇಕು. ಅವರಿಗೆ ಕಾಯುವ ಅಭ್ಯಾಸವೇ ಇರಲಿಲ್ಲ. ಟೆನಿಸ್ ಚೆಂಡು ಪುಟಿದು ಏಳುತ್ತಿದ್ದಂತೆ ಮುಂದೆ ಬಂದು ಟಪ್ ಅಂತ ಹೊಡೆದರು. ನಾನು ಎರಡು ವರ್ಷದಿಂದ ಮಗಳಿಗೆ ಹೇಳಿಕೊಡಲು ಒದ್ದಾಡುತ್ತಿದ್ದ ಹೊಡೆತ ಅದು! 15 ವರ್ಷ ಅದು ಅವರ ಮಣಿಕಟ್ಟಿನಲ್ಲಿ ಸುಮ್ನೆ ಕೂತಿತ್ತು. ಆಮೇಲೆ ಅವರು ವಾರಕ್ಕೆ ಮೂರು ದಿನ ತಪ್ಪದೆ ಬರುತ್ತಿದ್ದರು.

ಈ ಕಥೆಗೇ ಜಾಸ್ತಿ ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. 2009ರಲ್ಲಿ, 39ನೇ ಹುಟ್ಟುಹಬ್ಬಕ್ಕೆ ಒಂದು ದಿನ ಮೊದಲು, ಡಾಟೆ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಟೂರ್ನಿ ಗೆದ್ದರು. 13 ವರ್ಷದ ನಂತರ ಒಂದು ಪ್ರಶಸ್ತಿ! ಅವರಿಗಿಂತ ದೊಡ್ಡ ವಯಸ್ಸಿನಲ್ಲಿ ಈ ಮಟ್ಟದ ಸಿಂಗಲ್ಸ್ ಟೂರ್ನಿ ಗೆದ್ದವರು ಆಗ ಅಮೆರಿಕದ ಬಿಲ್ಲಿ ಜೀನ್ ಕಿಂಗ್ ಒಬ್ಬರೇ. 2010ರ ಫ್ರೆಂಚ್ ಓಪನ್‌ನಲ್ಲಿ, ಹಿಂದಿನ ಎರಡು ವರ್ಷ ಅಲ್ಲಿ ಫೈನಲ್ ಆಡಿದ್ದ ದಿನಾರಾ ಸಫಿನಾ ಅವರನ್ನು ಸೋಲಿಸಿದರು. 2013ರ ಆಸ್ಟ್ರೇಲಿಯನ್ ಓಪನ್‌ನಲ್ಲಿ 12ನೇ ಶ್ರೇಯಾಂಕದ ನಾದಿಯಾ ಪೆಟ್ರೋವಾ ಅವರ ಮೇಲೆ 6-2, 6-0. ಆಗ ಡಾಟೆಗೆ 42. ಅದೇ ವರ್ಷ ವಿಂಬಲ್ಡನ್‌ನಲ್ಲಿ ಮೂರನೇ ಸುತ್ತು. 2014ರ ಯುಎಸ್ ಓಪನ್‌ನಲ್ಲಿ ಡಬಲ್ಸ್ ಸೆಮಿಫೈನಲ್. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ನನಗೆ ಮೊದಲು ನೆನಪಾದದ್ದು ಡಾಟೆಯೇ.

ಒಂದು ವಿಷಯಕ್ಕೆ ನನಗೆ ಸ್ವಲ್ಪ ಸಿಟ್ಟಿದೆ, ಹೇಳಿಬಿಡುತ್ತೇನೆ. ಇವತ್ತು ಅಂಗಳದ ಬದಿಯಲ್ಲಿ ನಿಂತ ಅಪ್ಪ ಅಮ್ಮಂದಿರು, "ಜೋರಾಗಿ ಹೊಡಿ, ಇನ್ನೂ ಜೋರಾಗಿ" ಅಂತ ಕೂಗುತ್ತಾರೆ. ಎಂಟು ವರ್ಷದ ಮಗುವಿನ ಭುಜಕ್ಕೆ ಎಷ್ಟು ಜೋರು ಬರುತ್ತದೆ? ದಯವಿಟ್ಟು ಹಾಗೆ ಕೂಗಬೇಡಿ. ಬೇಗ ಹೊಡಿ ಅನ್ನಿ. ಮುಂದೆ ಬಾ ಅನ್ನಿ. ಚೆಂಡು ಏರುವಾಗಲೇ ಹೊಡಿ ಅನ್ನಿ. ಮಣಿಕಟ್ಟಿಗೂ ಕಣ್ಣಿಗೂ ಅದೊಂದು ಸಲ ಅಂಟಿಕೊಂಡರೆ ಜನ್ಮ ಪೂರ್ತಿ ಬಿಡುವುದಿಲ್ಲ. ನಿಮ್ಮ ಮಗಳು ಓದು, ಮದುವೆ, ಮಕ್ಕಳು ಅಂತ ಹತ್ತು ವರ್ಷ ಆಟ ಬಿಟ್ಟರೂ ಅದು ಅವಳಿಗೆ ಅಂತಲೇ ಕಾದು ಕೂತಿರುತ್ತದೆ.

ಡಾಟೆ ಎರಡನೇ ಸಲ ಆಟ ಬಿಟ್ಟಿದ್ದು 2017ರ ಸೆಪ್ಟೆಂಬರ್‌ನಲ್ಲಿ, 47 ತುಂಬುವುದಕ್ಕೆ ಕೆಲವೇ ದಿನ ಮೊದಲು. ಮಂಡಿಗೆ ಶಸ್ತ್ರಚಿಕಿತ್ಸೆಗಳಾಗಿದ್ದವು. ಜಾಗ ಅದೇ ಟೋಕಿಯೋದ ಅರಿಯಾಕೆ, ಗ್ರಾಫ್ ಅವರನ್ನು ಸೋಲಿಸಿದ್ದ ಅಂಗಳ. ಎದುರಾಳಿ ಸರ್ಬಿಯಾದ ಅಲೆಕ್ಸಾಂಡ್ರಾ ಕ್ರೂನಿಚ್. ಡಾಟೆ ಸೋತರು. 6-0, 6-0. ಒಂದು ಗೇಮೂ ಸಿಗಲಿಲ್ಲ. ಆ ಪಂದ್ಯದ ತುಣುಕುಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಂಡಿ ನೋಯುತ್ತಿದೆ, ಓಡಲು ಆಗುತ್ತಿಲ್ಲ. ಆದರೂ ಹಿಂದೆ ಸರಿದು ನಿಲ್ಲಲಿಲ್ಲ. ಗೆರೆಯ ಹತ್ತಿರವೇ ನಿಂತು, ಚೆಂಡು ಏರುವಾಗಲೇ ಹೊಡೆಯುತ್ತಿದ್ದರು.

ನಮಸ್ಕಾರ.