ಆಟ್ರಿಬ್ಯೂಟ್‌ಗಳ ಹೆಸರಿಗೊಂದು ಶಿಸ್ತು

ಎಲ್ಲರಿಗೂ ನಮಸ್ಕಾರ.

ಓಡುತ್ತಿರುವ ತಂತ್ರಾಂಶವು ತನ್ನ ಸ್ಥಿತಿಗತಿಯ ಬಗ್ಗೆ ಹೊರಗೆ ಕಳುಹಿಸುವ ಮಾಹಿತಿಯನ್ನು ನಾವು ಒಂದು ರಿಕ್ವೆಸ್ಟ್ ಸಾಗಿದ ಹಾದಿಯನ್ನು ತೋರಿಸುವ ಟ್ರೇಸ್, ಅಳತೆಯ ಸಂಖ್ಯೆಗಳನ್ನು ಕೊಡುವ ಮೆಟ್ರಿಕ್ ಮತ್ತು ನಡೆದದ್ದನ್ನು ಬರೆದಿಡುವ ಲಾಗ್ ಎಂದು ಮೂರು ಬಗೆಯಾಗಿ ಗುರುತಿಸುತ್ತೇವೆ. ಈ ಮೂರರಲ್ಲಿಯೂ ಪ್ರತಿಯೊಂದು ದಾಖಲೆಗೆ ಕೆಲವು ಆಟ್ರಿಬ್ಯೂಟ್‌ಗಳು ಅಂಟಿಕೊಂಡಿರುತ್ತವೆ; ಅಂದರೆ ಒಂದು ಹೆಸರು ಮತ್ತು ಅದಕ್ಕೊಂದು ಮೌಲ್ಯ. ಯಾವ ಸರ್ವಿಸ್ ಇದನ್ನು ಕಳುಹಿಸಿತು, ರಿಕ್ವೆಸ್ಟ್‌ನ ಮೆಥಡ್, ಅಂದರೆ ಅದು ಕೇಳಿದ ಕ್ರಿಯೆ, ಯಾವುದು, ಉತ್ತರದ ಸ್ಟೇಟಸ್ ಕೋಡ್ ಎಷ್ಟು, ಯಾವ ಡೇಟಾಬೇಸಿಗೆ ಕ್ವೆರಿ ಹೋಯಿತು ಎಂಬುದೆಲ್ಲ ಹೀಗೆಯೇ ದಾಖಲಾಗುತ್ತದೆ. ಈ ಹೆಸರುಗಳನ್ನು ಏಕರೂಪಗೊಳಿಸುವ ಕೆಲಸದ ಬಗ್ಗೆ ಇಂದು ಮಾತನಾಡಲಿದ್ದೇನೆ. ಹೆಸರಿನ ಕಾಗುಣಿತವನ್ನು ಎಲ್ಲರೂ ಒಪ್ಪುವಂತೆ ಮಾಡುವುದು ಈ ಕೆಲಸದ ಚಿಕ್ಕ ಭಾಗ. ಆ ಹೆಸರಿನ ಅರ್ಥ, ಅಳತೆಯ ಮಾನ, ಅದು ತಳೆಯಬಹುದಾದ ಮೌಲ್ಯಗಳ ಮಿತಿ ಮತ್ತು ಮುಂದೆ ಅದು ಬದಲಾಗುವ ಕ್ರಮ, ಇವನ್ನು ಒಪ್ಪಿಸುವುದರಲ್ಲಿಯೇ ಹೆಚ್ಚಿನ ಶ್ರಮವಿದೆ ಎಂಬುದು ನನ್ನ ವಾದ.

ಏಕರೂಪತೆ ಇಲ್ಲದಿದ್ದಾಗ ಆಗುವ ತೊಂದರೆಯನ್ನು ಮೊದಲು ನೋಡೋಣ. ಬಳಕೆದಾರರ ಒಂದು ರಿಕ್ವೆಸ್ಟ್ ಮೂರು ಸರ್ವಿಸ್‌ಗಳ ಮೂಲಕ ಹಾದುಹೋಗುತ್ತದೆ ಎಂದುಕೊಳ್ಳಿ. ಒಂದು ಜಾವಾದಲ್ಲಿ, ಇನ್ನೊಂದು ಪೈಥಾನ್‌ನಲ್ಲಿ, ಮತ್ತೊಂದು ಗೋ ಭಾಷೆಯಲ್ಲಿ ಬರೆದದ್ದು. ಮೊದಲನೆಯದು ಉತ್ತರದ ಕೋಡನ್ನು ‘ಸ್ಟೇಟಸ್’ ಎಂದೂ, ಎರಡನೆಯದು ‘ಎಚ್‌ಟಿಟಿಪಿ_ಸ್ಟೇಟಸ್’ ಎಂದೂ, ಮೂರನೆಯದು ‘ರೆಸ್ಪಾನ್ಸ್_ಕೋಡ್’ ಎಂದೂ ಬರೆಯುತ್ತದೆ. ಒಂದು ಕಡೆ ಸರ್ವರಿನ ದೋಷವನ್ನು ಸೂಚಿಸುವ 500 ಎಂಬುದು ಸಂಖ್ಯೆ, ಇನ್ನೊಂದು ಕಡೆ ಅಕ್ಷರಗಳ ಸಾಲು, ಮಗದೊಂದು ಕಡೆ ಸಂಖ್ಯೆಯೇ ಇಲ್ಲದೆ ‘ಓಕೆ’ ಅಥವಾ ‘ಫೇಲ್’ ಎಂಬ ಪದ. ದತ್ತಾಂಶದ ಕಣಜವು ಆ ಜಾಗವನ್ನು ಸಂಖ್ಯೆಗೆಂದು ಒಮ್ಮೆ ಗೊತ್ತುಮಾಡಿಬಿಟ್ಟರೆ, ಆಮೇಲೆ ಪದವನ್ನು ಹೊತ್ತು ಬಂದ ದಾಖಲೆ ತಿರಸ್ಕೃತವೂ ಆಗಬಹುದು. ಇಷ್ಟಾದರೂ ಸಹಿಸಬಹುದು, ಏಕೆಂದರೆ ತಿರಸ್ಕಾರ ಎಲ್ಲೋ ಒಂದು ಕಡೆ ಕಣ್ಣಿಗೆ ಬೀಳುತ್ತದೆ. ಹೆಚ್ಚು ಅಪಾಯಕಾರಿಯಾದದ್ದು ಮೌನ. ಇಲ್ಲದ ಹೆಸರನ್ನು ಬರೆದು ಹುಡುಕಿದರೆ ಬಹುತೇಕ ಮಾನಿಟರಿಂಗ್ ವ್ಯವಸ್ಥೆಗಳು ತಪ್ಪಾಗಿದೆ ಎಂದು ಹೇಳುವುದಿಲ್ಲ. ಬರಿದಾದ ಫಲಿತಾಂಶವನ್ನು ಕೊಡುತ್ತವೆ. ದೋಷಗಳ ಎಣಿಕೆಗೆಂದು ಇಟ್ಟ ಅಲರ್ಟ್ ಹಳೆಯ ಹೆಸರನ್ನೇ ಕಾಯುತ್ತಿದ್ದರೆ ಅದು ಎಂದಿಗೂ ಬಡಿಯುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ದೋಷಗಳ ಗೆರೆ ಸೊನ್ನೆಯಲ್ಲಿಯೇ ಇರುತ್ತದೆ, ನೋಡುವವರಿಗೆ ಎಲ್ಲವೂ ಸರಿಯಿದೆ ಎಂಬ ಭಾವನೆ ಬರುತ್ತದೆ. ಹೆಸರುಗಳ ಗೊಂದಲವನ್ನು ಬರಿಯ ಅಚ್ಚುಕಟ್ಟುತನದ ಪ್ರಶ್ನೆಯೆಂದು ತಳ್ಳಿಹಾಕುವವರು ಈ ಮೌನವನ್ನು ಗಮನಕ್ಕೆ ತಂದುಕೊಳ್ಳಬೇಕು.

ಈ ಪ್ರಯತ್ನದ ಇತಿಹಾಸ ಚಿಕ್ಕದು. ಗೂಗಲ್ ಸಂಸ್ಥೆ ತನ್ನ ಡ್ಯಾಪರ್ ಎಂಬ ಟ್ರೇಸಿಂಗ್ ವ್ಯವಸ್ಥೆಯ ಬಗ್ಗೆ 2010ರಲ್ಲಿ ಪ್ರಬಂಧ ಪ್ರಕಟಿಸಿತು. 2012ರಲ್ಲಿ ಟ್ವಿಟರ್ ಅದೇ ಬಗೆಯ ತನ್ನ ಜಿಪ್‌ಕಿನ್ ತಂತ್ರಾಂಶದ ಮೂಲ ಕೋಡನ್ನು ಎಲ್ಲರಿಗೂ ಮುಕ್ತಗೊಳಿಸಿತು. ಮುಂದೆ ಓಪನ್‌ಟ್ರೇಸಿಂಗ್ ಮತ್ತು ಓಪನ್‌ಸೆನ್ಸಸ್ ಎಂಬ ಎರಡು ಯೋಜನೆಗಳು ಒಂದೇ ಉದ್ದೇಶಕ್ಕಾಗಿ ಅಕ್ಕಪಕ್ಕದಲ್ಲಿ ಬೆಳೆದು, 2019ರಲ್ಲಿ ಕೂಡಿಕೊಂಡು, ಇಂತಹ ಮಾಹಿತಿಯನ್ನು ಕಲೆಹಾಕಿ ಕಳುಹಿಸಲು ಮುಕ್ತ ಉಪಕರಣಗಳನ್ನೂ ಮಾನಕಗಳನ್ನೂ ಕೊಡುವ ಓಪನ್‌ಟೆಲಿಮೆಟ್ರಿ ಆದವು. ಅದರೊಳಗೆ ಹೆಸರುಗಳ ಒಪ್ಪಂದವನ್ನು ‘ಸಿಮ್ಯಾಂಟಿಕ್ ಕನ್ವೆನ್ಷನ್ಸ್’ ಎಂಬ ಪ್ರತ್ಯೇಕ ಭಾಗವಾಗಿ ಬೆಳೆಸಲಾಯಿತು. ಲಾಗ್‌ಗಳ ಲೋಕದಲ್ಲಿ ಎಲಾಸ್ಟಿಕ್ ಕಂಪನಿಯು ಕಟ್ಟಿದ್ದ ಎಲಾಸ್ಟಿಕ್ ಕಾಮನ್ ಸ್ಕೀಮಾ ಎಂಬ ಇನ್ನೊಂದು ಒಪ್ಪಂದ ಬಳಕೆಯಲ್ಲಿತ್ತು. ಅದನ್ನು 2023ರ ಏಪ್ರಿಲ್‌ನಲ್ಲಿ ಓಪನ್‌ಟೆಲಿಮೆಟ್ರಿಗೆ ಕೊಡುಗೆಯಾಗಿ ನೀಡಿದ್ದನ್ನು ನಾನು ಬಹಳ ಮುಖ್ಯವಾದ ಹೆಜ್ಜೆಯೆಂದು ಭಾವಿಸುತ್ತೇನೆ, ಏಕೆಂದರೆ ಏಕರೂಪತೆಗಾಗಿ ಹುಟ್ಟಿದ ಎರಡು ಮಾನಕಗಳು ಪರಸ್ಪರ ಪೈಪೋಟಿಗಿಳಿದರೆ ಬಳಸುವವರಿಗೆ ಮೊದಲಿದ್ದ ಗೊಂದಲವೇ ಮರಳಿ ಬರುತ್ತದೆ.

ಓಪನ್‌ಟೆಲಿಮೆಟ್ರಿಯ ಒಪ್ಪಂದದಲ್ಲಿ ಹೆಸರಿನ ರೂಪದ ನಿಯಮಗಳು ಸರಳ. ಇಂಗ್ಲಿಷಿನ ಚಿಕ್ಕ ಅಕ್ಷರಗಳು. ವರ್ಗ ಮತ್ತು ಉಪವರ್ಗಗಳ ನಡುವೆ ಚುಕ್ಕಿ. ಒಂದೇ ಘಟಕದಲ್ಲಿ ಎರಡು ಪದಗಳಿದ್ದರೆ ಅಂಡರ್‌ಸ್ಕೋರ್. ಇವುಗಳ ಜೊತೆಗಿರುವ ಇನ್ನೊಂದು ನಿಯಮ ಮೇಲ್ನೋಟಕ್ಕೆ ಅತಿ ಸೂಕ್ಷ್ಮ ಎನ್ನಿಸಿದರೂ ನೆನಪಿಡತಕ್ಕದ್ದು: ಒಂದು ಆಟ್ರಿಬ್ಯೂಟ್‌ನ ಪೂರ್ಣ ಹೆಸರೇ ಮತ್ತೊಂದರ ವರ್ಗದ ಹೆಸರಾಗಬಾರದು. ಚುಕ್ಕಿಯುಳ್ಳ ಹೆಸರುಗಳನ್ನು ಕೆಲವು ಕಣಜಗಳು ಒಂದರೊಳಗೊಂದು ಇರುವ ವಸ್ತುಗಳಾಗಿ ಬಿಡಿಸಿ ಇಡುತ್ತವೆ. ಆಗ ಒಂದೇ ಜಾಗದಲ್ಲಿ ಸಾದಾ ಮೌಲ್ಯವೂ ಅದರೊಳಗಿನ ವಿವರಗಳೂ ಒಟ್ಟಿಗೆ ಇರಲಾರವು. ‘ಡಿಬಿ.ಸಿಸ್ಟಮ್’ ಎಂಬುದು ‘ಡಿಬಿ.ಸಿಸ್ಟಮ್.ನೇಮ್’ ಆದಾಗ, ‘ಡಿಪ್ಲಾಯ್‌ಮೆಂಟ್.ಎನ್ವಿರಾನ್‌ಮೆಂಟ್’ ಎಂಬುದರ ಕೊನೆಗೂ ‘ನೇಮ್’ ಸೇರಿದಾಗ ಅನೇಕರಿಗೆ ಅದು ಅನವಶ್ಯಕ ಉದ್ದವೆನ್ನಿಸಿತು. ಆದರೆ ಹಾಗೆ ಸೇರಿಸಿದ್ದರಿಂದ ಅದೇ ವರ್ಗದಲ್ಲಿ ಮುಂದೆ ಬೇರೆ ವಿವರಗಳನ್ನು ಇಡಲು ಜಾಗ ಉಳಿಯುತ್ತದೆ.

ಈಗ ಅರ್ಥದ ವಿಷಯಕ್ಕೆ ಬರುತ್ತೇನೆ. ಹಳೆಯ ಒಪ್ಪಂದದಲ್ಲಿ ‘ನೆಟ್.ಪಿಯರ್.ನೇಮ್’ ಮತ್ತು ‘ನೆಟ್.ಹೋಸ್ಟ್.ನೇಮ್’ ಎಂಬ ಎರಡು ಹೆಸರುಗಳಿದ್ದವು. ಪಿಯರ್ ಎಂದರೆ ಸಂಪರ್ಕದ ಆಚೆ ತುದಿಯಲ್ಲಿರುವವರು, ಹೋಸ್ಟ್ ಎಂದರೆ ದಾಖಲಿಸುತ್ತಿರುವವರೇ. ಆದ್ದರಿಂದ ರಿಕ್ವೆಸ್ಟ್ ಕಳುಹಿಸುವ ಕ್ಲೈಂಟ್ ಬರೆದ ಸ್ಪ್ಯಾನ್‌ನಲ್ಲಿ, ಅಂದರೆ ಟ್ರೇಸಿನ ಒಂದು ಹಂತದ ದಾಖಲೆಯಲ್ಲಿ, ಸರ್ವರಿನ ಹೆಸರು ಪಿಯರ್ ಎಂಬಲ್ಲಿ ಇರುತ್ತಿತ್ತು; ಅದೇ ಸಂಭಾಷಣೆಯ ಬಗ್ಗೆ ಸರ್ವರ್ ತಾನೇ ಬರೆದ ಸ್ಪ್ಯಾನ್‌ನಲ್ಲಿ ಅದು ಹೋಸ್ಟ್ ಎಂಬಲ್ಲಿಗೆ ಹೋಗುತ್ತಿತ್ತು. ಕಾಗುಣಿತದಲ್ಲಿ ಒಂದು ದೋಷವೂ ಇರಲಿಲ್ಲ, ಎಲ್ಲ ಲೈಬ್ರರಿಗಳೂ, ಅಂದರೆ ಸಿದ್ಧ ಕೋಡಿನ ಕಟ್ಟುಗಳೂ, ನಿಯಮವನ್ನು ಪಾಲಿಸಿಯೇ ಬರೆಯುತ್ತಿದ್ದವು ಎಂದುಕೊಂಡರೂ, ಒಂದು ಸರ್ವರಿಗೆ ಸಂಬಂಧಿಸಿದ್ದೆಲ್ಲವನ್ನೂ ತೋರಿಸು ಎಂಬ ಸರಳ ಪ್ರಶ್ನೆಗೆ ಎರಡು ಹೆಸರುಗಳನ್ನು, ಅವು ಯಾವ ತುದಿಯಿಂದ ಬಂದವು ಎಂಬ ಅರಿವಿನೊಡನೆ, ಹುಡುಕಬೇಕಾಗಿತ್ತು. ಹೊಸ ಒಪ್ಪಂದದಲ್ಲಿ ‘ಸರ್ವರ್.ಅಡ್ರೆಸ್’ ಮತ್ತು ‘ಕ್ಲೈಂಟ್.ಅಡ್ರೆಸ್’ ಬಂದವು, ಯಾರು ಬರೆದರೂ ಸರ್ವರ್ ಸರ್ವರೇ. ನಡುವೆ ರಿಕ್ವೆಸ್ಟನ್ನು ಮುಂದಕ್ಕೆ ದಾಟಿಸುವ ಪ್ರಾಕ್ಸಿ ಇದ್ದರೆ, ಕ್ಲೈಂಟ್ ತಾನು ಯಾರನ್ನು ತಲುಪಲು ಬಯಸಿತೋ ಅವರ ವಿಳಾಸ ಒಂದು ಹೆಸರಿನಲ್ಲಿ, ನೆಟ್‌ವರ್ಕ್ ಸಂಪರ್ಕ ನಿಜಕ್ಕೂ ಯಾರೊಡನೆ ಆಯಿತೋ ಅವರ ವಿಳಾಸ ‘ನೆಟ್‌ವರ್ಕ್.ಪಿಯರ್.ಅಡ್ರೆಸ್’ ಎಂಬ ಬೇರೆ ಹೆಸರಿನಲ್ಲಿ. ಇಂತಹ ವ್ಯತ್ಯಾಸಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿಯೊಂದಕ್ಕೂ ವ್ಯಾಖ್ಯೆ ಬರೆದು, ಹಲವು ಭಾಷೆಗಳ ಲೈಬ್ರರಿಗಳನ್ನು ಕಟ್ಟುವವರಿಂದ ಒಪ್ಪಿಗೆ ಪಡೆಯಲು ಸಮಯ ಹಿಡಿಯುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಎಳೆದಾಟವೆಂದು ತೋರಬಹುದು. ನನ್ನ ಮಟ್ಟಿಗೆ ಮಾನಕದ ಬೆಲೆಯಿರುವುದೇ ಈ ಚರ್ಚೆಯಲ್ಲಿ.

ಅಳತೆಯ ಮಾನವೂ ಹೀಗೆಯೇ. ಸರ್ವರ್ ಒಂದು ರಿಕ್ವೆಸ್ಟಿಗೆ ತೆಗೆದುಕೊಂಡ ಕಾಲವನ್ನು ಅಳೆಯುವ ಮೆಟ್ರಿಕ್ ಮೊದಲು ‘ಎಚ್‌ಟಿಟಿಪಿ.ಸರ್ವರ್.ಡ್ಯುರೇಶನ್’ ಎಂದಿತ್ತು, ಮಾನ ಮಿಲಿಸೆಕೆಂಡ್. ಆಮೇಲೆ ಮಾನವನ್ನು ಸೆಕೆಂಡಿಗೆ ಬದಲಿಸಲು ನಿರ್ಧರಿಸಿದಾಗ ಹೆಸರನ್ನೂ ‘ಎಚ್‌ಟಿಟಿಪಿ.ಸರ್ವರ್.ರಿಕ್ವೆಸ್ಟ್.ಡ್ಯುರೇಶನ್’ ಎಂದು ಬದಲಿಸಲಾಯಿತು. ಹೆಸರನ್ನು ಹಾಗೆಯೇ ಉಳಿಸಿ ಮಾನವನ್ನು ಮಾತ್ರ ಬದಲಿಸಿದ್ದರೆ, ಅರ್ಧ ಸೆಕೆಂಡ್ ತೆಗೆದುಕೊಂಡ ರಿಕ್ವೆಸ್ಟ್ ಹಳೆಯ ಡ್ಯಾಶ್‌ಬೋರ್ಡಿನಲ್ಲಿ ಅರ್ಧ ಮಿಲಿಸೆಕೆಂಡಾಗಿ ಕಾಣಿಸುತ್ತಿತ್ತು, ಯಾರಿಗೂ ಎಚ್ಚರಿಕೆ ಸಿಗುತ್ತಿರಲಿಲ್ಲ. ಬಳಕೆಯಲ್ಲಿರುವ ಹೆಸರಿಗೆ ಹೊಸ ಅರ್ಥವನ್ನು ತುಂಬಬಾರದು ಎಂಬುದು ಈ ಕ್ಷೇತ್ರದಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವ ನಿಯಮ.

ಮೌಲ್ಯಗಳ ಮಿತಿಯ ಪ್ರಶ್ನೆ ಮೆಟ್ರಿಕ್‌ಗಳಲ್ಲಿ ನೇರವಾಗಿ ಖರ್ಚಿನ ಪ್ರಶ್ನೆಯಾಗುತ್ತದೆ, ಏಕೆಂದರೆ ಆಟ್ರಿಬ್ಯೂಟ್ ಮೌಲ್ಯಗಳ ಪ್ರತಿಯೊಂದು ಹೊಸ ಜೋಡಣೆಯೂ ಒಂದು ಹೊಸ ಸರಣಿಯಾಗಿ ಕಣಜದಲ್ಲಿ ಜಾಗ ಹಿಡಿಯುತ್ತದೆ. ಆದ್ದರಿಂದಲೇ ‘ಎಚ್‌ಟಿಟಿಪಿ.ರೂಟ್’ ಎಂಬುದರಲ್ಲಿ ಬಳಕೆದಾರರ ಸಂಖ್ಯೆಯ ಜಾಗದಲ್ಲಿ ಖಾಲಿ ಗುರುತನ್ನಿಟ್ಟ ಮಾದರಿ ಮಾತ್ರ ಇರಬೇಕು, ನಿಜವಾದ ವಿಳಾಸವು ‘ಯುಆರ್‌ಎಲ್.ಪಾತ್’ ಎಂಬಲ್ಲಿ ಇರಬೇಕು ಎಂದು ಬೇರ್ಪಡಿಸಲಾಗಿದೆ. ರಿಕ್ವೆಸ್ಟ್‌ನ ಮೆಥಡ್‌ನಂತಹ ಸಾಮಾನ್ಯ ಸಂಗತಿಯಲ್ಲಿಯೂ ಇದೇ ಎಚ್ಚರ ಬೇಕಾಗುತ್ತದೆ. ಹೊರಗಿನಿಂದ ಯಾರು ಬೇಕಾದರೂ ಯಾವ ಪದವನ್ನಾದರೂ ಮೆಥಡ್ ಎಂದು ಕಳುಹಿಸಬಹುದು. ಅವನ್ನೆಲ್ಲ ಹಾಗೆಯೇ ಬರೆದುಕೊಂಡರೆ ಕಿಡಿಗೇಡಿಯೊಬ್ಬರು ನಮ್ಮ ಮೆಟ್ರಿಕ್ ಕಣಜವನ್ನೇ ತುಂಬಿಸಿಬಿಡಬಹುದು. ಗೊತ್ತಿಲ್ಲದ ಮೆಥಡ್‌ಗಳನ್ನೆಲ್ಲ ‘_ಅದರ್’ ಎಂಬ ಒಂದೇ ಮೌಲ್ಯವಾಗಿ ಬರೆಯಬೇಕು, ಮೂಲ ಪದ ಬೇಕಿದ್ದರೆ ಸ್ಪ್ಯಾನ್‌ನಲ್ಲಿ ಬೇರೊಂದು ಆಟ್ರಿಬ್ಯೂಟ್ ಆಗಿ ಇಡಬೇಕು ಎಂದು ಒಪ್ಪಂದ ಹೇಳುತ್ತದೆ. ಪೂರ್ಣ ಯುಆರ್‌ಎಲ್‌ನಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಇದ್ದರೆ ಅವನ್ನು ಮರೆಮಾಡಬೇಕೆಂಬ ಸೂಚನೆಯೂ ಅದೇ ವ್ಯಾಖ್ಯೆಯ ಭಾಗ. ಹೆಸರಿನ ಪಟ್ಟಿಯನ್ನು ಮಾತ್ರ ನಕಲು ಮಾಡಿಕೊಂಡು ವ್ಯಾಖ್ಯೆಯನ್ನು ಓದದವರು ಇಂತಹವನ್ನೆಲ್ಲ ಕಳೆದುಕೊಳ್ಳುತ್ತಾರೆ.

ಬದಲಾವಣೆಯ ಕ್ರಮದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಎಚ್‌ಟಿಟಿಪಿಗೆ ಸಂಬಂಧಿಸಿದ ಹೆಸರುಗಳು ಸ್ಥಿರವೆಂದು ಘೋಷಿತವಾದದ್ದು 2023ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲು ಅವು ಪ್ರಾಯೋಗಿಕ ಎಂಬ ಗುರುತಿನೊಡನೆ ವರ್ಷಗಳ ಕಾಲ ಬಳಕೆಯಲ್ಲಿದ್ದವು. ಸ್ಥಿರಗೊಳಿಸುವ ಹೊತ್ತಿಗೆ ‘ಎಚ್‌ಟಿಟಿಪಿ.ಮೆಥಡ್’ ಎಂಬುದು ‘ಎಚ್‌ಟಿಟಿಪಿ.ರಿಕ್ವೆಸ್ಟ್.ಮೆಥಡ್’ ಆಯಿತು, ‘ಎಚ್‌ಟಿಟಿಪಿ.ಸ್ಟೇಟಸ್_ಕೋಡ್’ ಎಂಬುದು ‘ಎಚ್‌ಟಿಟಿಪಿ.ರೆಸ್ಪಾನ್ಸ್.ಸ್ಟೇಟಸ್_ಕೋಡ್’ ಆಯಿತು, ‘ಎಚ್‌ಟಿಟಿಪಿ.ಯುಆರ್‌ಎಲ್’ ಎಂಬುದು ‘ಯುಆರ್‌ಎಲ್.ಫುಲ್’ ಆಯಿತು. ಪ್ರಾಯೋಗಿಕ ಎಂದು ಮೊದಲೇ ಹೇಳಿದ್ದೆವಲ್ಲ, ಬದಲಿಸುವ ಹಕ್ಕು ನಮಗಿದೆ ಎಂಬ ವಾದ ನಿಯಮದ ಪ್ರಕಾರ ಸರಿ. ಆದರೆ ಲೈಬ್ರರಿಯೊಂದು ತಾನಾಗಿಯೇ ಕಳುಹಿಸುವ ಹೆಸರನ್ನು ನಂಬಿ ಜನ ಅಲರ್ಟ್‌ಗಳನ್ನು ಕಟ್ಟಿದ ಮೇಲೆ ಆ ಹೆಸರು ವಾಗ್ದಾನವೇ ಆಗಿರುತ್ತದೆ, ಅದರ ಮೇಲೆ ಯಾವ ಗುರುತು ಹಾಕಿದ್ದರೂ ಸರಿಯೇ. ಈ ವಾಸ್ತವವನ್ನು ಅರಿತೇ ವಲಸೆಗೆ ಒಂದು ಸೇತುವೆಯನ್ನು ಕಟ್ಟಲಾಯಿತು. ತಂತ್ರಾಂಶಕ್ಕೆ ಹೊರಗಿನಿಂದ ಕೊಡುವ ಒಂದು ಹೊಂದಿಕೆಯಲ್ಲಿ, ಅಂದರೆ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ, ‘ಎಚ್‌ಟಿಟಿಪಿ’ ಎಂದು ಬರೆದರೆ ಹೊಸ ಹೆಸರುಗಳು ಮಾತ್ರ ಹೊರಡುತ್ತವೆ, ‘ಎಚ್‌ಟಿಟಿಪಿ/ಡಪ್’ ಎಂದು ಬರೆದರೆ ಹಳೆಯವೂ ಹೊಸವೂ ಒಟ್ಟಿಗೆ ಹೊರಡುತ್ತವೆ, ವಲಸೆಯ ಅವಧಿಯಲ್ಲಿ ಏನೂ ಬರೆಯದಿದ್ದರೆ ಹಳೆಯವೇ ಮುಂದುವರಿಯುತ್ತವೆ. ಎರಡೂ ಹೆಸರುಗಳು ಹರಿಯುವ ಅವಧಿಯಲ್ಲಿ ದತ್ತಾಂಶ ಹಿಗ್ಗುತ್ತದೆ, ಖರ್ಚೂ ಏರುತ್ತದೆ. ಆದರೂ ಡ್ಯಾಶ್‌ಬೋರ್ಡ್ ಮತ್ತು ಅಲರ್ಟ್‌ಗಳನ್ನು ಒಂದೊಂದಾಗಿ ಹೊಸ ಹೆಸರಿಗೆ ಸಾಗಿಸಿ, ಹಳೆಯದನ್ನು ಯಾರೂ ಓದುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಅದನ್ನು ನಿಲ್ಲಿಸುವ ಅವಕಾಶ ಇದರಿಂದ ದೊರೆಯುತ್ತದೆ. ಡೇಟಾಬೇಸ್ ಹೆಸರುಗಳು 2025ರಲ್ಲಿ ಸ್ಥಿರಗೊಂಡಾಗಲೂ ಇದೇ ವಿಧಾನವನ್ನು ಅನುಸರಿಸಲಾಯಿತು.

ಇದರ ಜೊತೆಗೆ, ಕಳುಹಿಸುವ ದತ್ತಾಂಶವು ಒಪ್ಪಂದದ ಯಾವ ಆವೃತ್ತಿಯನ್ನು ಅನುಸರಿಸಿದೆ ಎಂದು ತಿಳಿಸುವ ಸ್ಕೀಮಾ ಯುಆರ್‌ಎಲ್ ಎಂಬ ಸೌಲಭ್ಯವೂ ಇದೆ. ಓದುವ ವ್ಯವಸ್ಥೆ ಅದನ್ನು ನೋಡಿ ಹೆಸರುಗಳನ್ನು ತಾನೇ ಪರಿವರ್ತಿಸಿಕೊಳ್ಳಲಿ ಎಂಬುದು ಆಶಯ. ಹೆಸರು ಮಾತ್ರ ಬದಲಾದ ಕಡೆ ಇದು ನೆರವಾಗುತ್ತದೆ. ಮಿಲಿಸೆಕೆಂಡ್ ಸೆಕೆಂಡ್ ಆದ ಕಡೆ, ಒಂದು ಆಟ್ರಿಬ್ಯೂಟ್ ಒಡೆದು ಎರಡಾದ ಕಡೆ ಇಂತಹ ಪರಿವರ್ತನೆಯೊಂದನ್ನೇ ನೆಚ್ಚಿಕೊಳ್ಳುವುದು ವಿವೇಕವಲ್ಲ ಎಂದು ನನಗನ್ನಿಸುತ್ತದೆ.

ಸಂಸ್ಥೆಯೊಳಗೆ ಈ ಕೆಲಸವನ್ನು ಆರಂಭಿಸುವವರು ‘ಸರ್ವಿಸ್.ನೇಮ್’ ಎಂಬುದರಿಂದ ಆರಂಭಿಸಲಿ. ಅದನ್ನು ಕೊಡದಿದ್ದರೆ ದತ್ತಾಂಶ ‘ಅನ್‌ನೋನ್_ಸರ್ವಿಸ್’ ಎಂಬ ಹಣೆಪಟ್ಟಿಯೊಡನೆ ಬರುತ್ತದೆ, ಆಮೇಲೆ ಎಷ್ಟೇ ಒಳ್ಳೆಯ ಆಟ್ರಿಬ್ಯೂಟ್‌ಗಳಿದ್ದರೂ ಅದರ ಹೊಣೆ ಯಾವ ತಂಡದ್ದೆಂದು ತಿಳಿಯುವುದಿಲ್ಲ. ಮಾನಕದಲ್ಲಿ ಈಗಾಗಲೇ ಇರುವ ಹೆಸರನ್ನು ಹುಡುಕಿ ಬಳಸಬೇಕು. ಇಲ್ಲದಿದ್ದಲ್ಲಿ ಹೊಸದನ್ನು ಮಾಡುವಾಗ ಸಂಸ್ಥೆಯದೇ ಆದ ಮುನ್‌ಪದವನ್ನು ಇಡಬೇಕು, ಮಾನಕದ ವರ್ಗಗಳೊಳಗೆ ನುಸುಳಬಾರದು. ಇಂದು ನಾವು ‘ಎಚ್‌ಟಿಟಿಪಿ’ ವರ್ಗದಲ್ಲಿ ಸೇರಿಸಿದ ಹೆಸರನ್ನೇ ನಾಳೆ ಮಾನಕವು ಬೇರೆ ಅರ್ಥದಲ್ಲಿ ಸೇರಿಸಬಹುದು. ಸಂಸ್ಥೆಯ ಸ್ವಂತ ಹೆಸರುಗಳ ಪಟ್ಟಿಯನ್ನು ವ್ಯಾಖ್ಯೆ, ವಿಧ ಮತ್ತು ಮಾನಗಳ ಸಮೇತ ಕೋಡ್ ಇಡುವ ಜಾಗದಲ್ಲಿಯೇ ಇಟ್ಟು, ಪ್ರತಿ ಬದಲಾವಣೆಯನ್ನೂ ಕೋಡಿನಂತೆಯೇ ಪರಿಶೀಲಿಸಬೇಕು. ಓಪನ್‌ಟೆಲಿಮೆಟ್ರಿ ತಂಡದ ವೀವರ್ ಎಂಬ ಉಪಕರಣವು ಯಾಮೆಲ್ ಎಂಬ ಸರಳ ಪಠ್ಯರೂಪದ ಕಡತಗಳಲ್ಲಿ ಬರೆದ ಇಂತಹ ಪಟ್ಟಿಯನ್ನು ಪರೀಕ್ಷಿಸಿ, ಅದರಿಂದ ದಾಖಲೆಪತ್ರವನ್ನೂ ಕೋಡನ್ನೂ ಹೊರತೆಗೆಯುತ್ತದೆ. ಕೈಯಿಂದ ಹೆಸರನ್ನು ಟೈಪಿಸುವ ಬದಲು ಹೀಗೆ ಹುಟ್ಟಿದ ಸ್ಥಿರಾಂಕವನ್ನು ಬಳಸಿದರೆ ಕಾಗುಣಿತದ ತಪ್ಪುಗಳು ಕಂಪೈಲ್ ಹಂತದಲ್ಲಿಯೇ ಸಿಕ್ಕಿಬೀಳುತ್ತವೆ.

ಕೊನೆಯದಾಗಿ, ಭಾಷಾ ಮಾದರಿಗಳನ್ನು ಬಳಸುವ ತಂತ್ರಾಂಶಗಳಿಗಾಗಿ ‘ಜೆನ್_ಎಐ’ ಎಂಬ ವರ್ಗ ರೂಪುಗೊಳ್ಳುತ್ತಿದೆ. ಅಲ್ಲಿ ಟೋಕನ್‌ಗಳ, ಅಂದರೆ ಮಾದರಿ ಓದುವ ಪಠ್ಯದ ತುಣುಕುಗಳ, ಎಣಿಕೆಗೆ ಮೊದಲಿದ್ದ ‘ಪ್ರಾಂಪ್ಟ್_ಟೋಕನ್ಸ್’ ಎಂಬ ಹೆಸರು ಈಗಾಗಲೇ ‘ಇನ್‌ಪುಟ್_ಟೋಕನ್ಸ್’ ಎಂದು ಬದಲಾಗಿದೆ. ಬಳಕೆದಾರರು ಮಾದರಿಗೆ ಕಳುಹಿಸಿದ ಪೂರ್ಣ ಪಠ್ಯವನ್ನು ದಾಖಲಿಸಬೇಕೆ, ದಾಖಲಿಸಿದರೆ ಸ್ಪ್ಯಾನ್‌ನ ಆಟ್ರಿಬ್ಯೂಟ್ ಆಗಿಯೋ ಬೇರೆ ಕಡೆಯೋ ಎಂಬ ಪ್ರಶ್ನೆಗಳು ಖಾಸಗಿತನಕ್ಕೂ ಖರ್ಚಿಗೂ ತಗಲುವಂಥವು. ಈ ಹೆಸರುಗಳನ್ನು ಈಗಲೇ ಬಳಸುತ್ತಿರುವವರು ಅವನ್ನು ತಮ್ಮ ಕೋಡಿನಲ್ಲಿ ಒಂದೇ ಕಡೆ ಇಟ್ಟುಕೊಳ್ಳಲಿ, ತಮಗೆ ಎಲ್ಲಿ ಅರ್ಥ ಹೊಂದುತ್ತಿಲ್ಲವೋ ಅದನ್ನು ಮಾನಕ ರೂಪಿಸುವವರಿಗೆ ಬರೆದು ತಿಳಿಸಲಿ. ಸ್ಥಿರವೆಂಬ ಮುದ್ರೆ ಬಿದ್ದ ಮೇಲೆ ಒಂದು ವ್ಯಾಖ್ಯೆಯನ್ನು ತಿದ್ದುವುದು ಬಹಳ ಕಷ್ಟ. ಈ ವರ್ಗದಲ್ಲಿ ಆ ಕೆಲಸ ಇನ್ನೂ ಸುಲಭವಾಗಿಯೇ ಇದೆ.